ಸೌರ ತಂತು ಹುಟ್ಟುವ ಬಗೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು: ಕಾಂತಕ್ಷೇತ್ರ ಮಾದರಿಗೊಂದು ಕೈಪಿಡಿ

ಹೈಡ್ರೋಜನ್-ಆಲ್ಫಾ ಫಿಲ್ಟರ್ ಮೂಲಕ ತೆಗೆದ ಸೂರ್ಯನ ಚಿತ್ರದಲ್ಲಿ ಮಸಿಯಿಂದ ಎಳೆದಂಥ ಉದ್ದನೆಯ ಕಪ್ಪು ಗೆರೆಗಳು ಕಾಣುತ್ತವೆ. ಇವೇ ಫಿಲಮೆಂಟ್‌ಗಳು, ಅಂದರೆ ಸೌರ ತಂತುಗಳು. ಅದೇ ತಂತು ತಿರುಗುತ್ತ ಸೂರ್ಯನ ಅಂಚಿಗೆ ಬಂದು ಹೊಳೆಯುತ್ತ ಹೊರಚಾಚಿದರೆ ಅದಕ್ಕೆ ಪ್ರಾಮಿನೆನ್ಸ್ ಎಂದು ಹೆಸರು. ವಸ್ತು ಒಂದೇ. ಸುತ್ತಲಿನ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ, ಹತ್ತು ಲಕ್ಷ ಕೆಲ್ವಿನ್ ಮೀರಿ ಕುದಿಯುತ್ತಿದ್ದರೆ ತಂತುವಿನೊಳಗೆ ಸುಮಾರು 8,000 ಕೆಲ್ವಿನ್ ಅಷ್ಟೆ. ಸಾಂದ್ರತೆ ಮಾತ್ರ ಸುತ್ತಲಿನದರ ನೂರು ಪಟ್ಟು. ಮಳೆ ನಿಂತ ಮೇಲೆ ಬಟ್ಟೆ ಹಗ್ಗದ ಮೇಲಿನ ಹನಿಗಳು ಜಾರಿ ಬಂದು ಹಗ್ಗ ಜೋತುಬಿದ್ದ ಕಡೆ ಸೇರುತ್ತವಲ್ಲ, ಈ ತಣ್ಣನೆಯ ಅನಿಲವೂ ಹಾಗೆಯೇ ಕಾಂತ ಬಲರೇಖೆಗಳ ಜೋಲಿನಲ್ಲಿ ಕೂತಿರುತ್ತದೆ. ಆ ಜೋಲು ಹೇಗೆ ಹುಟ್ಟಿತು ಎಂದು ಲೆಕ್ಕ ಹಾಕುವುದು ಇಲ್ಲಿನ ಕೆಲಸ. ಅನಿಲ ಎಲ್ಲಿಂದ ಬಂತು, ಹೇಗೆ ತಣ್ಣಗಾಯಿತು ಎಂಬ ಉಷ್ಣದ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಒಂದು ಮಾತು ಮೊದಲೇ ಗೊತ್ತಿರಲಿ. ತಂತುವಿನ ಕಾಂತಕ್ಷೇತ್ರಕ್ಕೆ ನೆನಪಿದೆ. ಇವತ್ತಿನ ಒಂದು ಕಾಂತನಕ್ಷೆ (ಸೂರ್ಯನ ಮೇಲ್ಮೈಯ ಕಾಂತಕ್ಷೇತ್ರದ ನಕ್ಷೆ) ಇಟ್ಟುಕೊಂಡು ಇವತ್ತಿನ ತಂತುವನ್ನು ಕಟ್ಟಲು ಹೊರಟರೆ ಸಾಮಾನ್ಯವಾಗಿ ಕೈಗೆ ಸಿಗುವುದು ಬರೀ ಕಮಾನುಗಳು. ತಂತುವಿನ ಉದ್ದಕ್ಕೂ ಹರಿಯುವ ಕ್ಷೇತ್ರ ಹಲವು ದಿನಗಳ, ಕೆಲವೊಮ್ಮೆ ವಾರಗಳ ಎಳೆತ, ಒತ್ತಡ, ರದ್ದತಿಗಳಿಂದ (ವಿರುದ್ಧ ಧ್ರುವತೆಗಳು ಸೇರಿ ಒಂದನ್ನೊಂದು ಅಳಿಸುವುದೇ ರದ್ದತಿ) ಕೂಡಿಬಂದದ್ದು. ಆದ್ದರಿಂದ ಒಂದೇ ಚಿತ್ರವನ್ನು ಮೇಲಕ್ಕೆ ವಿಸ್ತರಿಸುವ ವಿಧಾನ ಬಿಟ್ಟು, ದಿನಗಳ ಸರಣಿಯನ್ನು ಕೆಳಗಿನಿಂದ ಊಡಿಸುತ್ತ ಮೇಲಿನ ಕ್ಷೇತ್ರವನ್ನು ಬೆಳೆಸುವ ‘ಕಾಂತ-ಘರ್ಷಣೆ’ ವಿಧಾನ ಹಿಡಿಯುತ್ತೇವೆ. 1986ರಲ್ಲಿ ಯಾಂಗ್, ಸ್ಟರಕ್, ಆಂಟಿಯೋಕಸ್ ಇದನ್ನು ಮುಂದಿಟ್ಟರು. ವಾನ್ ಬ್ಯಾಲೆಗೊಯೆನ್, ಪ್ರೀಸ್ಟ್, ಮಕೇ ಮೊದಲಾದವರು 2000ದಿಂದೀಚೆಗೆ ಇದನ್ನು ತಂತುಗಳಿಗೆ ಒಗ್ಗಿಸಿದರು.

ಪದಗಳು, ದಿಕ್ಕುಗಳು

ದ್ಯುತಿಗೋಳದ (ಸೂರ್ಯನ ಕಣ್ಣಿಗೆ ಕಾಣುವ ಮೇಲ್ಮೈಯ) ಮೇಲೆ ಧನ (ಬಲರೇಖೆ ಹೊರಬರುವ) ಮತ್ತು ಋಣ (ಒಳಹೋಗುವ) ಧ್ರುವತೆಯ ಪ್ರದೇಶಗಳು ಸಂಧಿಸುವ ಗೆರೆಯನ್ನು ಇಲ್ಲಿ ‘ಧ್ರುವಗಡಿ’ ಎನ್ನೋಣ. ತಂತುಗಳು ಯಾವಾಗಲೂ ಧ್ರುವಗಡಿಯ ಮೇಲೇ ನಿಲ್ಲುತ್ತವೆ. ಧನ ಪ್ರದೇಶದಲ್ಲಿ ನಿಂತು ಧ್ರುವಗಡಿಯತ್ತ ಮುಖ ಮಾಡಿದಾಗ ತಂತುವಿನ ಉದ್ದಕ್ಕಿರುವ ಕ್ಷೇತ್ರ ಬಲಕ್ಕೆ ಹೋದರೆ ತಂತು ಬಲಮುರಿ, ಎಡಕ್ಕೆ ಹೋದರೆ ಎಡಮುರಿ. ಉತ್ತರಾರ್ಧದಲ್ಲಿ ಹೆಚ್ಚಿನವು ಬಲಮುರಿ, ದಕ್ಷಿಣಾರ್ಧದಲ್ಲಿ ಎಡಮುರಿ. ಸೌರಚಕ್ರ ಬದಲಾದರೂ ಈ ನಿಯಮ ಬದಲಾಗುವುದಿಲ್ಲ. ಹೆಸರು ನೋಡಿ ಮೋಸಹೋಗಬೇಡಿ: ಬಲಮುರಿ ತಂತುವಿನ ಬಲರೇಖೆಗಳ ಹುರಿ ಎಡಗೈಯದು, ಅಂದರೆ ಅದರ ಹೆಲಿಸಿಟಿ (ಹುರಿಯ ಅಳತೆ) ಋಣ. ಕೋಡ್ ಸರಿಯಿದ್ದರೂ ಇದೊಂದನ್ನು ಅದಲುಬದಲು ಮಾಡಿಕೊಂಡು ವಾರ ಕಳೆಯುವವರಿದ್ದಾರೆ.

ತಂತುವನ್ನು ಆರಿಸುವುದು

ಸೂರ್ಯ ನಮ್ಮ ಕಣ್ಣಿಗೆ ದಿನಕ್ಕೆ ಸುಮಾರು 13.2 ಡಿಗ್ರಿ ತಿರುಗುತ್ತಾನೆ. ನಡು ರೇಖೆಯಿಂದ 60 ಡಿಗ್ರಿ ಆಚೆಗೆ ಕಾಂತನಕ್ಷೆಯನ್ನು ನಂಬುವ ಹಾಗಿಲ್ಲ. ಹಾಗಾಗಿ ಒಂದು ಪ್ರದೇಶಕ್ಕೆ ಸಿಗುವ ಅವಧಿ ಹೆಚ್ಚೆಂದರೆ ಒಂಬತ್ತು ದಿನ. ಆ ಒಂಬತ್ತು ದಿನದೊಳಗೇ ಹುಟ್ಟಿದ ತಂತು ಬೇಕು. ಪೂರ್ವದ ಅಂಚಿನಿಂದ ಒಳಬರುವಾಗಲೇ ದಪ್ಪಗೆ ಬೆಳೆದಿದ್ದರೆ ಅದರ ಹುಟ್ಟು ನಮಗೆ ಕಾಣದ ಕಡೆ ಆಗಿಹೋಗಿದೆ ಎಂದರ್ಥ, ಬಿಟ್ಟುಬಿಡಿ. ಹೊಸ ಫ್ಲಕ್ಸ್ (ಮೇಲ್ಮೈಯನ್ನು ಹಾಯುವ ಕಾಂತಕ್ಷೇತ್ರದ ಮೊತ್ತ) ಮೇಲೇಳುವುದು ನಿಂತು, ಹರಡಿ ಸಡಿಲವಾಗುತ್ತಿರುವ ಸಕ್ರಿಯ ಪ್ರದೇಶ ಮೊದಲ ಪ್ರಯತ್ನಕ್ಕೆ ಒಳ್ಳೆಯದು.

ಹೈಡ್ರೋಜನ್-ಆಲ್ಫಾ ಚಿತ್ರಗಳಿಗೆ ಗಾಂಗ್ ಎಂಬ ಸೌರ ದೂರದರ್ಶಕಗಳ ಜಾಲವಿದೆ. ಅದರ ಆರು ಕೇಂದ್ರಗಳಲ್ಲಿ ಒಂದು ನಮ್ಮ ಉದಯಪುರದ್ದು, ಹಾಗಾಗಿ ನಮ್ಮ ಹಗಲಿನ ಚಿತ್ರವೂ ತಪ್ಪುವುದಿಲ್ಲ. ಆದಿತ್ಯ-ಎಲ್1ರ ಸೂಟ್ ದೂರದರ್ಶಕದ ಮೆಗ್ನೀಸಿಯಂ ಗೆರೆಯ, 280 ನ್ಯಾನೋಮೀಟರ್ ಆಸುಪಾಸಿನ, ಚಿತ್ರಗಳಲ್ಲೂ ತಂತುಗಳು ಕಾಣುತ್ತವೆ. ಆ ದತ್ತಾಂಶವನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರ ಕೊಡುತ್ತದೆ. ಚಿತ್ರದಲ್ಲಿ ಎರಡು ವಿಷಯ ಗುರುತು ಹಾಕಿಕೊಳ್ಳಿ: ತಂತು ಮೊದಲು ಕಂಡ ಸಮಯ, ಮತ್ತು ಅದರ ಬೆನ್ನಿನಿಂದ ಪಕ್ಕಕ್ಕೆ ಇಳಿಯುವ ಕವಲುಗಳು. ಹೆದ್ದಾರಿಯಿಂದ ಬಲಕ್ಕೆ ಒಡೆಯುವ ಅಡ್ಡರಸ್ತೆಯ ಹಾಗೆ ಕವಲು ಓರೆಯಾಗಿ ಹೊರಟರೆ ಸಾಮಾನ್ಯವಾಗಿ ಬಲಮುರಿ, ಎಡಕ್ಕೆ ಹೊರಟರೆ ಎಡಮುರಿ. ಕೊನೆಯಲ್ಲಿ ಮಾದರಿಯನ್ನು ಒರೆಗೆ ಹಚ್ಚುವುದು ಇದರ ಮೇಲೆಯೇ.

ಕಾಂತನಕ್ಷೆಯನ್ನು ಹದಗೊಳಿಸುವುದು

ನಾಸಾದ ಎಸ್‌ಡಿಒ ಉಪಗ್ರಹದ ಎಚ್‌ಎಂಐ ಉಪಕರಣದ 720 ಸೆಕೆಂಡಿನ ದೃಷ್ಟಿರೇಖೆ ನಕ್ಷೆಗಳನ್ನು (ಕ್ಷೇತ್ರದಲ್ಲಿ ನಮ್ಮತ್ತ ಇರುವ ಘಟಕವನ್ನು ಮಾತ್ರ ತೋರಿಸುವವು) 96 ನಿಮಿಷಕ್ಕೊಂದರಂತೆ ಇಳಿಸಿಕೊಳ್ಳಿ. ಸನ್‌ಪೈ (ಸೌರ ದತ್ತಾಂಶಕ್ಕಾಗಿರುವ ಪೈಥಾನ್ ತಂತ್ರಾಂಶ) ಇದ್ದರೆ ಇಳಿಸುವುದು ನಾಲ್ಕು ಸಾಲಿನ ಕೆಲಸ. ನಕ್ಷೆಗಳನ್ನು ಕೊಡುವ ಜೆಸಾಕ್ ದತ್ತಾಂಶ ಕೇಂದ್ರದಲ್ಲಿ ಇಮೇಲ್ ನೋಂದಾಯಿಸಿರಬೇಕು. ಕ್ಷೇತ್ರದ ಮೂರೂ ಘಟಕ ಕೊಡುವ ಸದಿಶ ನಕ್ಷೆ ಏಕೆ ಬೇಡ ಎಂದರೆ, ಅದರಲ್ಲಿ ಅಡ್ಡ ಘಟಕದ ಗದ್ದಲವೇ (ಅಳತೆಯ ದೋಷ) ಸುಮಾರು 100 ಗೌಸ್ (ಕಾಂತಕ್ಷೇತ್ರದ ಮಾನ) ಇದೆ. ಶಾಂತ ಪ್ರದೇಶದ ತಂತುವಿನ ಕೆಳಗಿನ ಕ್ಷೇತ್ರ ಆ ಗದ್ದಲದಲ್ಲೇ ಮುಳುಗಿಹೋಗುತ್ತದೆ.

ಎಚ್‌ಎಂಐ ಕಡತವನ್ನು ಹಾಗೇ ತೆರೆದರೆ ಸೂರ್ಯ ತಲೆಕೆಳಗಾಗಿರುತ್ತಾನೆ, ಏಕೆಂದರೆ ಚಿತ್ರ ಸುಮಾರು 180 ಡಿಗ್ರಿ ತಿರುಗಿದೆ. ಶೀರ್ಷಿಕೆಯಲ್ಲಿರುವ ಕೋನ ಓದಿ ತಿರುಗಿಸಲೇಬೇಕು. ಮರೆತರೆ ಉತ್ತರ ದಕ್ಷಿಣಗಳು ಅದಲುಬದಲಾಗುತ್ತವೆ, ಆದರೆ ಎಡಮುರಿ ಎಡಮುರಿಯಾಗಿಯೇ ಉಳಿಯುತ್ತದೆ. ಕೆಟ್ಟ ತಪ್ಪು ಬೇರೆಯದು: ಒಂದು ಅಕ್ಷವನ್ನು ಮಾತ್ರ ಮಗುಚುವುದು, ಇಲ್ಲವೇ ಸಾಲು ಮತ್ತು ಕಂಬಸಾಲುಗಳನ್ನು ಅದಲುಬದಲು ಓದುವುದು. ಅದು ಕನ್ನಡಿ ಬಿಂಬ. ಮಾದರಿ ಚೆಂದವಾಗಿ ಓಡಿ, ಸುಂದರವಾದ ತಂತು ಕಟ್ಟಿ, ಅದನ್ನು ತಪ್ಪು ಮುರಿಯಲ್ಲಿ ಕೊಡುತ್ತದೆ.

ಮುಂದೆ ಈ ಕ್ರಮದಲ್ಲಿ ಹೋಗಿ.

1. ದೃಷ್ಟಿರೇಖೆಯ ಮೌಲ್ಯವನ್ನು ಆ ಬಿಂದು ಬಿಲ್ಲೆಯ ನಡುವಿನಿಂದ ಇರುವ ಕೋನದ ಕೊಸೈನಿನಿಂದ ಭಾಗಿಸಿ. ಕ್ಷೇತ್ರ ನೆಟ್ಟಗೆ ನಿಂತಿದೆ ಎಂಬ ಊಹೆ ಇದರಲ್ಲಿದೆ. 60 ಡಿಗ್ರಿಯಲ್ಲಿ ಗದ್ದಲವೂ ಎರಡು ಪಟ್ಟಾಗುತ್ತದೆ.

2. ಎಲ್ಲ ನಕ್ಷೆಗಳನ್ನೂ ಒಂದೇ ಕ್ಷಣಕ್ಕೆ ಹಿಂತಿರುಗಿಸಿ, ಸಮವಿಸ್ತೀರ್ಣ ಪ್ರಕ್ಷೇಪಕ್ಕೆ ತನ್ನಿ. ಹಿಂತಿರುಗಿಸಲು ಪೆಟ್ಟಿಗೆಯ (ಲೆಕ್ಕಕ್ಕೆ ಆರಿಸಿದ ಪ್ರದೇಶದ) ನಡುವಿನ ಅಕ್ಷಾಂಶದ ಒಂದೇ ವೇಗ ಬಳಸಿ. ಪ್ರತಿ ಅಕ್ಷಾಂಶಕ್ಕೂ ಅದರದೇ ವೇಗ ಹಾಕಿದರೆ, ನಮಗೆ ಬೇಕಾದ ಜಾರಾಟವನ್ನು ನಾವೇ ಒರೆಸಿಹಾಕಿದಂತೆ.

3. ಗದ್ದಲ ಕಡಿಮೆ ಮಾಡಲು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಪಿಕ್ಸೆಲ್ ಕೂಡಿಸಿ. ಎಚ್‌ಎಂಐಯ ಅರ್ಧ ಆರ್ಕ್‌ಸೆಕೆಂಡ್ ಪಿಕ್ಸೆಲ್ ಸುಮಾರು 360 ಕಿ.ಮೀ., ಕೂಡಿಸಿದಾಗ 1,450 ಕಿ.ಮೀ., ಇದೇ ಮಾದರಿಯ ಒಂದು ಕೋಶದ ಅಗಲ.

4. ಧನ ಋಣಗಳನ್ನು ಸರಿದೂಗಿಸಿ. ವ್ಯತ್ಯಾಸ ಒಟ್ಟು ಫ್ಲಕ್ಸಿನ ಶೇ. 10ಕ್ಕಿಂತ ಹೆಚ್ಚಿದ್ದರೆ ಸರಿದೂಗಿಸುವ ಗೋಜಿಗೆ ಹೋಗದೆ ಪೆಟ್ಟಿಗೆಯನ್ನೇ ದೊಡ್ಡದು ಮಾಡಿ. ಕಡಿಮೆಯಿದ್ದರೆ ಗದ್ದಲದ ಮಟ್ಟ ಮೀರಿದ, ಉದಾಹರಣೆಗೆ 25 ಗೌಸ್ ದಾಟಿದ ಪಿಕ್ಸೆಲ್‌ಗಳಲ್ಲಿ ಮಾತ್ರ ಹಂಚಿ ಕಳೆಯಿರಿ. ಎಲ್ಲ ಪಿಕ್ಸೆಲ್‌ನಲ್ಲೂ ಸಮನಾಗಿ ಕಳೆದರೆ ಕ್ಷೀಣ ಪ್ರದೇಶದಲ್ಲಿ ಧ್ರುವಗಡಿಯೇ ಜಾಗ ಬಿಟ್ಟು ಸರಿಯುತ್ತದೆ.

5. ಎರಡು ನಕ್ಷೆಗಳ ನಡುವಿನ ಸಮಯವನ್ನು ರೇಖೀಯವಾಗಿ ತುಂಬಿ. ಸೆಕೆಂಡಿಗೆ ಅರ್ಧ ಕಿಲೋಮೀಟರ್ ಸರಿಯುವ ತುಣುಕು 96 ನಿಮಿಷದಲ್ಲಿ 2,880 ಕಿ.ಮೀ., ಅಂದರೆ ಎರಡು ಕೋಶ ಸಾಗುತ್ತದೆ. ಐದಾರು ಕೋಶ ಅಗಲದ ತುಣುಕಿಗೆ ತೊಂದರೆಯಿಲ್ಲ. ಅದಕ್ಕಿಂತ ಸಣ್ಣದು ಸರಿಯುವ ಬದಲು ಒಂದು ಕಡೆ ಆರಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ.

ಈ ಹಂತದಲ್ಲೇ ಒಟ್ಟು ಫ್ಲಕ್ಸ್ ದಿನದಿಂದ ದಿನಕ್ಕೆ ಹೇಗೆ ಇಳಿಯುತ್ತಿದೆ ಎಂದು ಗೆರೆ ಎಳೆದು ನೋಡಿ. 12 ಮತ್ತು 24 ಗಂಟೆಗೊಮ್ಮೆ ಅಲೆ ಎದ್ದರೆ ಅದು ಸೂರ್ಯನದಲ್ಲ, ಉಪಗ್ರಹದ ಕಕ್ಷಾವೇಗದ ಛಾಯೆ. 24 ಗಂಟೆಯ ಸರಾಸರಿ ತೆಗೆದ ಮೇಲೆ ಉಳಿಯುವ ಇಳಿಕೆಯೇ ರದ್ದತಿ.

ಪೆಟ್ಟಿಗೆ ಮತ್ತು ಕೋಡ್

256 × 256 × 128 ಕೋಶಗಳ ಪೆಟ್ಟಿಗೆ ಅಂದರೆ ಸುಮಾರು 3,70,000 ಕಿ.ಮೀ. ಅಗಲ, 1,85,000 ಕಿ.ಮೀ. ಎತ್ತರ. ಕೋಶಕ್ಕೊಂದು ಅಂಕಿ ಹಿಡಿಯುವ ಒಂದೊಂದು ಸರಣಿಗೆ (ಅರೇ) 67 ಮೆಗಾಬೈಟ್. ಇಪ್ಪತ್ತು ಸರಣಿ ಹಿಡಿದರೂ ಒಂದೂವರೆ ಗಿಗಾಬೈಟ್ ಒಳಗೇ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಸಿದ್ಧ ಕೋಡ್ ಬೇಕೆನ್ನುವವರಿಗೆ ಎಂಪಿಐ-ಎಎಂಆರ್‌ವಿಎಸಿ ಎಂಬ ತಂತ್ರಾಂಶದಲ್ಲಿ ಕಾಂತ-ಘರ್ಷಣೆ ಘಟಕವಿದೆ. ಆದರೆ ನಮಗೆ ಬೇಕಾದ ಕೋಡ್ ನೂರಿನ್ನೂರು ಸಾಲಿನದು. ಒಮ್ಮೆ ಸ್ವತಃ ಬರೆದರೆ ಎಲ್ಲಿ ಏನು ಕೆಡುತ್ತದೆ ಎಂಬುದು ಕೈಗೆ ಹತ್ತುತ್ತದೆ.

ಬೆಳೆಸುವುದು ಕಾಂತಕ್ಷೇತ್ರವನ್ನಲ್ಲ, ಅದರ ಸದಿಶ ವಿಭವವನ್ನು (ಯಾವುದರ ಕರ್ಲ್ ತೆಗೆದರೆ ಕ್ಷೇತ್ರ ಸಿಗುತ್ತದೋ ಅದನ್ನು). ವಿಭವವನ್ನು ಕೋಶಗಳ ಅಂಚುಗಳಲ್ಲಿ, ಕ್ಷೇತ್ರವನ್ನು ಮುಖಗಳಲ್ಲಿ, ವಿದ್ಯುತ್ ಪ್ರವಾಹವನ್ನು ಮತ್ತೆ ಅಂಚುಗಳಲ್ಲಿ ಇಡಿ. ಹೀಗಿಟ್ಟರೆ ಕ್ಷೇತ್ರದ ಡೈವರ್ಜೆನ್ಸ್ ತಾನಾಗಿಯೇ ಸೊನ್ನೆ. ಎಲ್ಲವನ್ನೂ ಕೋಶದ ನಡುವೆ ಇಟ್ಟರೆ ಬರೆಯುವುದು ಸುಲಭ, ಆದರೆ ಸಾವಿರ ಹೆಜ್ಜೆ ಕಳೆಯುವಷ್ಟರಲ್ಲಿ ಬಲರೇಖೆಗಳು ಗಾಳಿಯಲ್ಲಿ ಶುರುವಾಗಿ ಗಾಳಿಯಲ್ಲೇ ಮುಗಿಯತೊಡಗುತ್ತವೆ.

ವೇಗದ ಸೂತ್ರ ಸರಳ: ಪ್ರವಾಹ ಮತ್ತು ಕ್ಷೇತ್ರಗಳ ಅಡ್ಡಗುಣಲಬ್ಧವನ್ನು ಕ್ಷೇತ್ರದ ವರ್ಗದಿಂದ ಭಾಗಿಸಿ, ಒಂದು ಘರ್ಷಣಾಂಕದಿಂದ ಗುಣಿಸಿ. ಬಲ ಎತ್ತ ತಳ್ಳುತ್ತದೋ ಪ್ಲಾಸ್ಮಾ ಅತ್ತ ತೆವಳುತ್ತದೆ, ಬಲ ಸೊನ್ನೆಯಾದರೆ ನಿಲ್ಲುತ್ತದೆ. ಕರೋನಾದಲ್ಲಿ ಅನಿಲದ ಒತ್ತಡ ಕಾಂತ ಒತ್ತಡದ ಮುಂದೆ ಗಣನೆಗೆ ಬಾರದ್ದರಿಂದ ಈ ಸರಳತೆಯನ್ನು ಒಪ್ಪಬಹುದು. ಘರ್ಷಣಾಂಕ ಸೆಕೆಂಡಿಗೆ 3,000 ಚದರ ಕಿ.ಮೀ. ಇರಲಿ. ಕಾಲದ ಹೆಜ್ಜೆ ಎಂದರೆ ಕೋಶದ ಅಗಲದ ವರ್ಗವನ್ನು ಘರ್ಷಣಾಂಕದಿಂದ ಭಾಗಿಸಿ ಬಂದುದರ ಹತ್ತನೇ ಒಂದು ಪಾಲು: 1,450 ಕಿ.ಮೀ. ಕೋಶಕ್ಕೆ 70 ಸೆಕೆಂಡು. ಒಂಬತ್ತು ದಿನಕ್ಕೆ ಸುಮಾರು 11,000 ಹೆಜ್ಜೆ.

ಭಾಗಿಸುವಲ್ಲಿ ಒಂದು ಗುಂಡಿಯಿದೆ. ಕ್ಷೇತ್ರ ಸೊನ್ನೆಯಾಗುವ ಬಿಂದುವಿನಲ್ಲಿ ವೇಗ ಅನಂತಕ್ಕೆ ಹಾರಿ ಲೆಕ್ಕ ಒಡೆದುಹೋಗುತ್ತದೆ. ಛೇದಕ್ಕೆ ಒಂದು ಸಣ್ಣ ಮೊತ್ತ ಸೇರಿಸಿ, ಮತ್ತು ತಳದ ಎರಡು ಮೂರು ಪದರಗಳಲ್ಲಿ ವೇಗ ಕ್ರಮೇಣ ಸೊನ್ನೆಗೆ ಇಳಿಯುವಂತೆ ಗುಣಿಸಿ. ಇಲ್ಲವಾದರೆ ಘರ್ಷಣೆಯ ವೇಗ ನೀವು ಕೆಳಗಿನಿಂದ ಕೊಟ್ಟ ಚಲನೆಯೊಡನೆ ಜಗಳಕ್ಕೆ ಬೀಳುತ್ತದೆ.

ಮೊದಲ ನಕ್ಷೆಯಿಂದ ಪ್ರವಾಹರಹಿತ ಕ್ಷೇತ್ರ ಕಟ್ಟಿ ಶುರು ಮಾಡಿ. ಸಣ್ಣ ಹುರಿ ಮೊದಲೇ ಬೇಕೆಂದರೆ ರೇಖೀಯ ಬಲಮುಕ್ತ ಕ್ಷೇತ್ರ (ಪ್ರವಾಹ ಕ್ಷೇತ್ರದ ಗುಂಟವೇ, ಎಲ್ಲೆಡೆ ಒಂದೇ ಅನುಪಾತದಲ್ಲಿ ಹರಿಯುವಂಥದ್ದು) ಹಾಕಬಹುದು. ಆದರೆ ಆವರ್ತಕ (ಪಕ್ಕಗಳಲ್ಲಿ ತನ್ನದೇ ನಕಲು ಇರುವ) ಪೆಟ್ಟಿಗೆಯಲ್ಲಿ ಅದರ ಹುರಿಯಂಕ (ಆ ಅನುಪಾತ) ಎರಡು ಪೈಯನ್ನು ಪೆಟ್ಟಿಗೆಯ ಅಗಲದಿಂದ ಭಾಗಿಸಿದ್ದಕ್ಕಿಂತ ಕಡಿಮೆಯಿರಬೇಕು. ನಮ್ಮ ಪೆಟ್ಟಿಗೆಗೆ ಆ ಮಿತಿ ಮೀಟರಿಗೆ 1.7 × 10⁻⁸. ದಾಟಿದರೆ ಕ್ಷೇತ್ರ ಎತ್ತರಕ್ಕೆ ಹೋದಂತೆ ಕುಂದದೆ ಅಲೆಯಾಡುತ್ತದೆ. ಮೇಲಿನ ಮುಖ ತೆರೆದಿರಲಿ. ಪಕ್ಕದ ಮುಖಗಳಿಂದ ತಂತು ಪೆಟ್ಟಿಗೆಯ ಕಾಲುಭಾಗದಷ್ಟಾದರೂ ದೂರವಿರಲಿ, ಇಲ್ಲದಿದ್ದರೆ ಪಕ್ಕದ ನಕಲು ಪೆಟ್ಟಿಗೆಯ ಧ್ರುವಗಳು ನಿಮ್ಮ ತಂತುವನ್ನು ಎಳೆದಾಡುತ್ತವೆ.

ದತ್ತಾಂಶಕ್ಕೆ ಮೊದಲು ಕೃತಕ ಪರೀಕ್ಷೆ

ಈ ಹಂತ ಬಿಡುವವರೇ ಹೆಚ್ಚು, ಆಮೇಲೆ ಹಿಂತಿರುಗಿ ಬರುವವರೂ ಅವರೇ. 64 × 64 × 64 ಕೋಶ, ಬದಿ 2,00,000 ಕಿ.ಮೀ. ಧ್ರುವಗಡಿ ಪೂರ್ವಪಶ್ಚಿಮವಾಗಿ ನಡುವೆ ಹಾಯಲಿ. ಅದರಿಂದ 25,000 ಕಿ.ಮೀ. ದಕ್ಷಿಣಕ್ಕೆ 100 ಗೌಸಿನ ಧನ ಮಚ್ಚೆ, ಅಷ್ಟೇ ಉತ್ತರಕ್ಕೆ ಋಣ ಮಚ್ಚೆ ಇಡಿ. ಮಚ್ಚೆಗಳ ಹರಹು ಉದ್ದಕ್ಕೆ 40,000, ಅಡ್ಡಕ್ಕೆ 15,000 ಕಿ.ಮೀ. ಹೆಜ್ಜೆ 300 ಸೆಕೆಂಡು. ಮೊದಲ ಎರಡು ದಿನ ಧನವನ್ನು ಪಶ್ಚಿಮಕ್ಕೆ, ಅಂದರೆ ಚಿತ್ರದ ಬಲಕ್ಕೆ, ಋಣವನ್ನು ಎಡಕ್ಕೆ, ಸೆಕೆಂಡಿಗೆ 0.3 ಕಿ.ಮೀ. ಜಾರಿಸಿ. ತಲಾ 52,000 ಕಿ.ಮೀ. ಆಗುತ್ತದೆ. ಮುಂದಿನ ಎರಡು ದಿನ ಎರಡನ್ನೂ ಸೆಕೆಂಡಿಗೆ 0.1 ಕಿ.ಮೀ. ವೇಗದಲ್ಲಿ ಧ್ರುವಗಡಿಯತ್ತ ಒತ್ತಿ.

ಒತ್ತುವ ವೇಗ ಧ್ರುವಗಡಿಯ ಮೇಲೆ ಸೊನ್ನೆಯಾಗಬೇಕು, ಅಲ್ಲಿ ರದ್ದು ಮಾಡುವ ಕೆಲಸ ಮೇಲ್ಮೈ ವಿಸರಣೆಯದು (ಕ್ಷೇತ್ರ ಹರಡಿ ಬೆರೆಯುವುದು). ವಿಸರಣೆಗೆ ಸಾಮಾನ್ಯವಾಗಿ ಬಳಸುವ ಬೆಲೆ ಸೆಕೆಂಡಿಗೆ 450 ಚದರ ಕಿ.ಮೀ. ಅದನ್ನು 0.1ರಿಂದ ಭಾಗಿಸಿದರೆ ಫ್ಲಕ್ಸ್ ಒಟ್ಟಾಗಿ ಕೂರುವ ಪಟ್ಟಿಯ ಅಗಲ 4,500 ಕಿ.ಮೀ. ಎಂದಾಯಿತು. ಈ ಪೆಟ್ಟಿಗೆಯ ಕೋಶ 3,125 ಕಿ.ಮೀ., ಅಂದರೆ ಪಟ್ಟಿಗೆ ಸಿಗುವುದು ಒಂದೂವರೆ ಕೋಶ. ಧ್ರುವಗಡಿಯ ಉದ್ದಕ್ಕೂ ಗರಗಸದ ಹಲ್ಲಿನಂಥ ಏರಿಳಿತ ಕಂಡರೆ ಕಾರಣ ಇದೇ. ಪರೀಕ್ಷೆಯ ಮಟ್ಟಿಗೆ ವಿಸರಣೆಯನ್ನು 900ಕ್ಕೆ ಏರಿಸಿ.

ಆಗುವುದನ್ನು ದಿನದಿನವೂ ಚಿತ್ರ ಬರೆದು ನೋಡಿ. ಮೊದಲು ಧ್ರುವಗಡಿಯನ್ನು ನೇರ ದಾಟುತ್ತಿದ್ದ ಕಮಾನುಗಳು ಓರೆಯಾಗಿ ಮಲಗುತ್ತವೆ. ಒತ್ತುವಿಕೆ ಶುರುವಾದ ಮೇಲೆ ಎರಡು ಓರೆ ಕಮಾನುಗಳ ಎದುರುಬದುರು ಕಾಲುಗಳು ಧ್ರುವಗಡಿಯ ಮೇಲೆ ಸೇರಿ, ಒಂದು ಗಿಡ್ಡ ಕುಣಿಕೆ ಮತ್ತು ಒಂದು ನೀಳ ಬಲರೇಖೆ ಆಗುತ್ತವೆ. ಗಿಡ್ಡದ್ದು ಕೆಳಗೆ ಮುಳುಗುತ್ತದೆ. ನೀಳವಾದದ್ದು ಮೇಲುಳಿಯುತ್ತದೆ, ಅದರ ಸುತ್ತ ಮುಂದಿನವು ಸುತ್ತಿಕೊಳ್ಳುತ್ತವೆ. ಹಗ್ಗ ಹೊಸೆಯುವುದೆಂದರೆ ಇದೇ. ವಾನ್ ಬ್ಯಾಲೆಗೊಯೆನ್ ಮತ್ತು ಮಾರ್ಟೆನ್ಸ್ 1989ರಲ್ಲಿ ವಿವರಿಸಿದ ದಾರಿ ಇದು.

ಮೇಲಿನ ದಿಕ್ಕುಗಳಲ್ಲಿ ಜಾರಿಸಿದರೆ ಎಡಮುರಿಯೇ ಬರಬೇಕು, ಪ್ರವಾಹ ಮತ್ತು ಕ್ಷೇತ್ರಗಳ ಬಿಂದುಗುಣಲಬ್ಧ ಹೆಚ್ಚಿನ ಕಡೆ ಧನವಾಗಿರಬೇಕು. ಬಾರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಮುಂದೆ ಹೋಗಬೇಡಿ. ಚಲನೆ ಎಲ್ಲ ನಿಲ್ಲಿಸಿ ಒಂದು ದಿನ ಓಡಿಸಿದಾಗ ಪ್ರವಾಹರಹಿತ ಕ್ಷೇತ್ರ ಹಾಗೇ ಉಳಿಯಬೇಕು, ಇದು ಇನ್ನೊಂದು ಪರೀಕ್ಷೆ.

ಇದರಲ್ಲೇ ಒಂದು ಪಾಠವೂ ಇದೆ. ಧನ ಭೂಮಧ್ಯರೇಖೆಯ ಕಡೆ, ಅದು ಪಶ್ಚಿಮಕ್ಕೆ ಮುಂದೆ ಓಡುತ್ತದೆ. ಉತ್ತರಾರ್ಧದಲ್ಲಿ ಸೂರ್ಯನ ಅಸಮ ಭ್ರಮಣ (ಭೂಮಧ್ಯರೇಖೆಯ ಬಳಿ ಬೇಗ, ಧ್ರುವಗಳತ್ತ ನಿಧಾನ ತಿರುಗುವುದು) ಮಾಡುವುದೂ ಇದನ್ನೇ. ಆದರೆ ಉತ್ತರದಲ್ಲಿ ಕಾಣುವುದು ಬಲಮುರಿ! ಪೂರ್ವಪಶ್ಚಿಮ ಧ್ರುವಗಡಿಗಳಲ್ಲಿ ಅಸಮ ಭ್ರಮಣವೊಂದನ್ನೇ ನಂಬಿದರೆ ತಪ್ಪು ಮುರಿ ಬರುತ್ತದೆ. ಅದು ನಿಧಾನವೂ ಹೌದು: 25ರಿಂದ 35 ಡಿಗ್ರಿ ಅಕ್ಷಾಂಶದ ನಡುವೆ ದಿನಕ್ಕೆ ಅರ್ಧ ಡಿಗ್ರಿಗಿಂತ ಸ್ವಲ್ಪ ಕಡಿಮೆ, ಹತ್ತು ದಿನಕ್ಕೆ 49,000 ಕಿ.ಮೀ. ಹೀಗಾಗಿ ಸಕ್ರಿಯ ಪ್ರದೇಶಗಳು ಮೇಲೇಳುವಾಗಲೇ ಹೊತ್ತುತರುವ ಹೆಲಿಸಿಟಿಯನ್ನು ಮಾದರಿಗೆ ಸೇರಿಸಬೇಕಾಗುತ್ತದೆ.

ನಿಜ ನಕ್ಷೆಗಳನ್ನು ಊಡಿಸುವುದು

ತಳದ ಲಂಬ ಕ್ಷೇತ್ರದಿಂದ ತಳದ ಸದಿಶ ವಿಭವವನ್ನು ಫೂರಿಯೇ ವಿಧಾನದಿಂದ ಬಿಡಿಸಿ, ಹೆಜ್ಜೆ ಹೆಜ್ಜೆಗೂ ಬದಲಿಸುತ್ತ ಹೋಗಿ. ಇದರ ದೊಡ್ಡ ಕೊರತೆ ತಿಳಿದಿರಲಿ: ಲಂಬ ಕ್ಷೇತ್ರದ ಬದಲಾವಣೆಯಿಂದ ಸಿಗುವುದು ವಿದ್ಯುತ್ ಕ್ಷೇತ್ರದ ಒಂದು ಭಾಗ ಮಾತ್ರ. ದುಂಡನೆಯ ಮಚ್ಚೆಯೊಂದು ನಿಂತಲ್ಲೇ ಸುತ್ತಿದರೆ ನಕ್ಷೆಯಲ್ಲಿ ಏನೂ ಬದಲಾಗದು, ಮಾದರಿಗೂ ಏನೂ ತಿಳಿಯದು. ನಿಜದಲ್ಲಿ ಆ ಸುತ್ತು ಮೇಲಕ್ಕೆ ಹುರಿ ಕಳಿಸುತ್ತಿರುತ್ತದೆ. ಎಲ್ಲವೂ ಸರಿಯಿದ್ದೂ ತಂತು ಸೊರಗಿದ್ದರೆ, ಜೋಲುಗಳು ತುಂಡು ತುಂಡಾಗಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪರಿಹಾರವಾಗಿ ಮಚ್ಚೆಗಳ ಮೇಲೆ ಒಂದು ಹೆಚ್ಚುವರಿ ಹೆಲಿಸಿಟಿ ಊಡಿಕೆ ಸೇರಿಸಿ, ಅದರ ಪ್ರಮಾಣವನ್ನು ಸೊನ್ನೆಯಿಂದ ಏರಿಸುತ್ತ ಮೂರು ನಾಲ್ಕು ಓಟ ಮಾಡಿ, ಯಾವುದು ಚಿತ್ರಕ್ಕೆ ಹೊಂದುತ್ತದೆ ನೋಡಿ.

ಕರೋನಾದೊಳಗಿನ ವಿಸರಣೆ ಆದಷ್ಟು ಕಡಿಮೆಯಿರಲಿ. ಕೋಶದ ಅಗಲ ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಹಗ್ಗದ ಫ್ಲಕ್ಸ್ ಗಣನೀಯವಾಗಿ ಹೆಚ್ಚಿದರೆ ಮೊದಲ ಓಟದಲ್ಲಿ ಜಾಲವೇ ಅದನ್ನು ತಿಂದಿತ್ತು ಎಂದು ತಿಳಿಯಿರಿ.

ಒಂದೇ ನಕ್ಷೆ ಸಿಕ್ಕಿದ್ದರೆ ಬೇರೆ ದಾರಿ ಹಿಡಿಯಬೇಕು: ತಂತುವಿನ ಜಾಡಿನಲ್ಲಿ ಕೈಯಾರೆ ಕಾಂತ ಹಗ್ಗವೊಂದನ್ನು ತುರುಕಿ, ಘರ್ಷಣೆಯಿಂದ ಸಡಿಲಗೊಳಿಸುವುದು. ಇದು 2004ರ ವಾನ್ ಬ್ಯಾಲೆಗೊಯೆನ್ ವಿಧಾನ. ಹಗ್ಗ ಎಷ್ಟು ಫ್ಲಕ್ಸ್ ತಡೆದುಕೊಳ್ಳಬಲ್ಲದು ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಹೇಗೆ ಹುಟ್ಟಿತು ಎಂಬುದನ್ನಲ್ಲ.

ತಂತುವನ್ನು ಹುಡುಕುವುದು, ಒರೆಗೆ ಹಚ್ಚುವುದು

ಮಾದರಿಯಲ್ಲಿ ಅನಿಲ ಇಲ್ಲ. ಜೋಲುಗಳನ್ನು ಹುಡುಕಬೇಕು: ಲಂಬ ಘಟಕ ಸೊನ್ನೆಯಾಗಿ, ಬಲರೇಖೆಯ ಉದ್ದಕ್ಕೆ ಅದು ಋಣದಿಂದ ಧನಕ್ಕೆ ಏರುವ ಬಿಂದುಗಳು. ಪ್ರತಿ ಜೋಲಿನ ತಳದಿಂದ 300 ಕಿ.ಮೀ. ಎತ್ತರದವರೆಗೆ ಬಲರೇಖೆಗೆ ಬಣ್ಣ ಹಚ್ಚಿ. 8,000 ಕೆಲ್ವಿನ್ ಅನಿಲ ತನ್ನ ಭಾರಕ್ಕೆ ನಿಲ್ಲುವ ಎತ್ತರ ಸುಮಾರು ಅಷ್ಟೇ. ಇದು ಒಂದು ಕೋಶಕ್ಕಿಂತ ಚಿಕ್ಕದು, ಆದ್ದರಿಂದ ಕೋಶಗಳನ್ನು ತುಂಬದೆ ರೇಖೆಗಳನ್ನೇ ಎಳೆಯಿರಿ. ರೇಖೆ ಹಿಡಿಯುವ ಹೆಜ್ಜೆ ಕಾಲು ಕೋಶ ಮೀರದಿರಲಿ.

ಬಣ್ಣದ ತುಣುಕುಗಳನ್ನು ಹೈಡ್ರೋಜನ್-ಆಲ್ಫಾ ಚಿತ್ರದ ಮೇಲೆ ಹೊದಿಸಿ. ಜಾಡು ಕೂಡಬೇಕು, ಮುರಿ ಕೂಡಬೇಕು, ತಂತು ಕಂಡ ದಿನಕ್ಕೆ ಮೊದಲೇ ಜೋಲು ಹುಟ್ಟಿರಬೇಕು. ಕವಲುಗಳು ಬಾರದಿದ್ದರೆ ಮರುಗಬೇಡಿ, ಅವು ಧ್ರುವಗಡಿಯ ಬಳಿಯ ಸಣ್ಣ ಸಣ್ಣ ವಿರುದ್ಧ ಧ್ರುವಗಳಿಗೆ ಅಂಟಿಕೊಂಡವು, ನೀವು ಪಿಕ್ಸೆಲ್ ಕೂಡಿಸಿದಾಗ ಆ ಧ್ರುವಗಳೇ ಅಳಿಸಿಹೋಗಿರುತ್ತವೆ. ಜೋಲಿನಲ್ಲಿ ಕ್ಷೇತ್ರದ ಅಡ್ಡ ಘಟಕ ಕೆಳಗಿನ ಧ್ರುವತೆ ಹೇಳುವುದಕ್ಕೆ ಉಲ್ಟಾ, ಅಂದರೆ ಋಣದಿಂದ ಧನದ ಕಡೆಗೆ ಇರಬೇಕು. 1980ರ ದಶಕದಲ್ಲಿ ಫ್ರಾನ್ಸಿನ ಪಿಕ್ ದ್ಯು ಮಿದಿ ವೀಕ್ಷಣಾಲಯದಲ್ಲಿ ಲೆರ್ವಾ ಮತ್ತು ಸಂಗಡಿಗರು ಅಳೆದ ದೊಡ್ಡ ಪ್ರಾಮಿನೆನ್ಸ್‌ಗಳಲ್ಲಿ ಹೆಚ್ಚಿನವು ಹೀಗೇ ಇದ್ದವು. ಶಾಂತ ತಂತುವಿಗೆ 3ರಿಂದ 30 ಗೌಸ್ ಬಂದರೆ ನಂಬಬಹುದು.

ಅಂಕಿಗಳಲ್ಲಿ ಮೂರು ಪರೀಕ್ಷೆ ಸಾಕು. ಪ್ರವಾಹ ಮತ್ತು ಕ್ಷೇತ್ರಗಳ ನಡುವಿನ ಕೋನದ ಸೈನ್, ಪ್ರವಾಹದ ತೂಕ ಹಾಕಿ ಸರಾಸರಿ ತೆಗೆದಾಗ, 0.2ರ ಕೆಳಗಿದ್ದರೆ ಒಳ್ಳೆಯದು. ಗೊತ್ತುಗುರಿಯಿಲ್ಲದ ದಿಕ್ಕುಗಳಿಗೆ ಅದು 0.79 ಬರುತ್ತದೆ, ಆದ್ದರಿಂದ 0.5ರಲ್ಲಿ ನಿಂತರೆ ಕ್ಷೇತ್ರ ಇನ್ನೂ ಸಡಿಲಗೊಂಡಿಲ್ಲ. ಹಗ್ಗದ ಅಕ್ಷವನ್ನು ಸುತ್ತುವ ಫ್ಲಕ್ಸ್ ಅಷ್ಟು ದಿನಗಳಲ್ಲಿ ರದ್ದಾದ ಫ್ಲಕ್ಸನ್ನು ಮೀರಬಾರದು, ಮೀರಿದರೆ ಊಡಿಕೆ ಅತಿಯಾಗಿದೆ. ಹುರಿ ಒಂದೂಕಾಲು ಸುತ್ತು ದಾಟಿದ್ದರೆ, ಅಥವಾ ಹಗ್ಗ ಏರಿ ಹೋದ ಎತ್ತರದಲ್ಲಿ ಹೊರಕ್ಷೇತ್ರದ ಕುಸಿತದ ಘಾತ (ಎತ್ತರದೊಡನೆ ಅದು ಎಷ್ಟು ಬೇಗ ಕುಂದುತ್ತದೆ ಎಂಬ ಅಳತೆ) 1.5ರ ಹತ್ತಿರವಿದ್ದರೆ, ಹಗ್ಗ ಮೇಲಿನ ಮುಖದತ್ತ ಏರಿ ಪೆಟ್ಟಿಗೆ ಬಿಟ್ಟು ಹೊರಟೀತು. ಅದು ಕೋಡಿನ ತಪ್ಪೇ ಆಗಬೇಕಿಲ್ಲ. ಅದೇ ದಿನ ನಿಜದ ತಂತುವೂ ಸಿಡಿದುಹೋಗಿತ್ತೇ ಎಂದು ಚಿತ್ರ ನೋಡಿ. ಏರುವ ವೇಗವನ್ನು ಮಾತ್ರ ಅಳೆಯಲು ಹೋಗಬೇಡಿ. ಈ ವಿಧಾನದಲ್ಲಿ ವೇಗ ನೀವು ಆರಿಸಿದ ಘರ್ಷಣಾಂಕದ್ದು, ಸೂರ್ಯನದ್ದಲ್ಲ.